ಚೀಲ ಸುರಿಯುವ ಕೋಣೆ

ಅವತ್ತು ಸೋಮವಾರ. ನಮ್ಮ ಯಜಮಾನರು ಷರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಪಾತ್ರೆ ತೊಳೆಯುತ್ತಿದ್ದೆ.

"ಹೊಸ ಮಾತ್ರೆ ಬಂದಿದೆ, ಕೇಳು," ಅಂದರು.

"ಹೇಳಿ."

"ಮೂಳೆಗೆ. ವಾರಕ್ಕೊಂದು. ಬೆಳಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೇಲಿ, ಪೂರ್ತಿ ಒಂದು ಲೋಟ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಬಾರದು. ಈಗ ನೀನು ಹೇಳು."

"ವಾರಕ್ಕೊಂದು. ಎದ್ದ ತಕ್ಷಣ. ಖಾಲಿ ಹೊಟ್ಟೆ. ಲೋಟದ ತುಂಬ ನೀರು. ಅರ್ಧ ಗಂಟೆ ತಿನ್ನಬಾರದು, ಮಲಗಬಾರದು. ಗೋಡೆಗೆ ದಿಂಬಿಟ್ಟು ಒರಗಬಹುದು."

"ಒರಗಬಹುದು ಅಂತ ಯಾರು ಹೇಳಿದ್ರು?"

"ಒರಗಬಾರದು ಅಂತ ಯಾರು ಹೇಳಿದ್ರು? ಮಲಗಬಾರದು ಅಂದ್ರಿ ಅಷ್ಟೇ. ಮತ್ತೆ, ವಾರಕ್ಕೊಂದು ಅಂದ್ರೆ ಯಾವ ದಿನ?"

"ಯಾವುದಾದ್ರೂ ಒಂದು ದಿನ."

"ಯಾವುದಾದ್ರೂ ಅಂದ್ರೆ ಯಾವತ್ತೂ ನೆನಪಿರಲ್ಲ. ದಿನ ಗೊತ್ತು ಮಾಡಿ ಕಳಿಸಿ."

ಅವರು ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು: ನೆಟ್ಟಗೆ ಕೂರಿಸು, ದಿನ ಕೇಳು. ಕಾಗದ ಇರುವ ಮನೆಯಲ್ಲಿ ಅಂಗೈ ಮೇಲೆ ಬರೆದುಕೊಳ್ಳುವ ಗಂಡಸು ಅವರೊಬ್ಬರೇ.

ಸಂಜೆ ಬಂದವರು ಚಪ್ಪಲಿ ಬಿಡುವ ಮೊದಲೇ ನಗಲು ಶುರು ಮಾಡಿದರು. "ಇವತ್ತು ಒಬ್ಬರ ಚೀಲ ಸುರಿದ್ರೆ ಮಾತ್ರೆ ಜೊತೆ ಟಿವಿ ರಿಮೋಟು ಬಿತ್ತು. ಹೆಂಡತಿ ಕೈಗೆ ಸಿಗಬಾರದು ಅಂತ ಅಲ್ಲಿಟ್ಟಿದ್ರಂತೆ."

"ನೀವೇನಂದ್ರಿ?"

"ಇದು ದಿನಕ್ಕೆ ಎಷ್ಟು ಸಲ ಅಂತ ಕೇಳಿದೆ."

ಅಷ್ಟೇ ಆ ದಿನ. ಊಟ ಮಾಡಿದೆವು. ಮಂಗಳವಾರ ಬೆಳಗ್ಗೆ ಅವರು ಕೆಲಸಕ್ಕೆ ಹೊರಟು ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತರು. ಬಸ್ಸು ಬಂತು, ಏಳಲಿಲ್ಲ. ಪಕ್ಕದಲ್ಲಿ ಚಪ್ಪಲಿ ಹೊಲಿಯುವವರು ನಿದ್ದೆ ಅಂದುಕೊಂಡರಂತೆ. ಎರಡನೇ ಬಸ್ಸಿಗೂ ಏಳಲಿಲ್ಲ. ಹೃದಯ. ಐವತ್ತೇಳು ವರ್ಷ.

ಅವರು ಏನು ಕೆಲಸ ಮಾಡುತ್ತಿದ್ದರು ಅಂತ ಸಾವಿಗೆ ಬಂದವರಲ್ಲಿ ಅರ್ಧ ಜನರಿಗೆ ಗೊತ್ತಿರಲಿಲ್ಲ. ಒಬ್ಬರು ಡಾಕ್ಟರು ಅಂದರು, ಒಬ್ಬರು ಕಾಂಪೌಂಡರು ಅಂದರು. ನನ್ನ ತಮ್ಮ "ಆಸ್ಪತ್ರೇಲಿ ಏನೋ ಇದ್ರು" ಅಂದ. ಆ ಏನೋ ಏನು ಅಂತ ಬರೆಯುತ್ತೇನೆ.

ಮೊದಲ ಹದಿನೈದು ವರ್ಷ ಅವರು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿದ್ದರು. ಸರಳಿನ ಕಿಟಕಿ, ಅದರಲ್ಲಿ ಕೈ ತೂರುವಷ್ಟು ಕಿಂಡಿ. ಚೀಟಿ ಒಳಗೆ ಬರುತ್ತಿತ್ತು, ಮಾತ್ರೆ ಹೊರಗೆ ಹೋಗುತ್ತಿತ್ತು. ಜನರ ಮುಖ ಅವರಿಗೆ ಗೊತ್ತಿರಲಿಲ್ಲ, ಕೈ ಗೊತ್ತಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದ ಕೈ ನೋಡಿ, "ಇವರು ಸಕ್ಕರೆ ಕಾಯಿಲೆಯವರು, ಶುಕ್ರವಾರ ಬರ್ತಾರೆ" ಅನ್ನುತ್ತಿದ್ದರು.

"ಕೈ ನೋಡಿ ಭವಿಷ್ಯ ಹೇಳೋರು ಇದಾರೆ, ಕಾಯಿಲೆ ಹೇಳೋರನ್ನ ಈಗಲೇ ನೋಡಿದ್ದು," ಅಂದಿದ್ದೆ.

ಒಂದು ದಿನ ಕಿಂಡಿಯ ಹತ್ತಿರ ರಿಟೈರಾದ ಲೆಕ್ಕದ ಮೇಷ್ಟ್ರು ಬಂದರು. ಉಬ್ಬಸಕ್ಕೆ ಬಾಯೊಳಗೆ ಹೊಡೆದುಕೊಳ್ಳುವ ಪಂಪು ಅವರದು. ನಾಲ್ಕು ಪಂಪು ಮುಗಿದಿದ್ದವು, ಉಬ್ಬಸ ಹಾಗೇ ಇತ್ತು. ನಮ್ಮವರಿಗೆ ಅನುಮಾನ ಬಂತು. "ಹೇಗೆ ಹೊಡ್ಕೋತೀರಿ ಮೇಷ್ಟ್ರೇ, ಸ್ವಲ್ಪ ತೋರಿಸಿ" ಅಂದರು. ಮೇಷ್ಟ್ರು ಷರ್ಟಿನ ಮೇಲಿನ ಎರಡು ಗುಂಡಿ ಬಿಚ್ಚಿ, ಎದೆಯ ಮೇಲೆ ಎರಡು ಸಲ ಹೊಡೆದು, ಕೈಯಿಂದ ಚೆನ್ನಾಗಿ ಉಜ್ಜಿಕೊಂಡರು.

"ಬಾಯೊಳಗೆ ಹೊಡೀಬೇಕು ಮೇಷ್ಟ್ರೇ."

"ಉಬ್ಬಸ ಇರೋದು ಎದೇಲಿ. ಬಾಯಿಗ್ಯಾಕೆ? ಹಾಗಂತ ನನಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಾಲ್ಕು ಪಂಪನ್ನೂ ಕೊಟ್ಟಿದ್ದು ನಮ್ಮವರೇ. ನಾಲ್ಕು ಸಲವೂ "ದಿನಕ್ಕೆರಡು ಸಲ" ಅಂತ ಮಾತ್ರ ಹೇಳಿದ್ದರು.

ಅವತ್ತು ಸಂಜೆ ತಟ್ಟೆ ಮುಂದೆ ಕೂತು ಕೈ ಹಾಕಲಿಲ್ಲ. "ಲೆಕ್ಕದ ಮೇಷ್ಟ್ರು ಕಣೇ. ಅಷ್ಟು ಓದಿದೋರು."

"ಅವರ ಓದಿಗೇನಾಗಿದೆ? ಹೇಳೋದು ನಿಮಗೆ ಬರಲ್ಲ," ಅಂದೆ. "ನನಗೆ ಹೇಳಿ ನೋಡೋಣ."

ಹೀಗೆ ಶುರುವಾಯಿತು. ನಾನು ಓದಿದ್ದು ಮೂರನೇ ಕ್ಲಾಸು. ಯಾವ ಮಾತ್ರೆಯಾದರೂ ಸರಿ, ಜನರಿಗೆ ಹೇಳುವ ಮೊದಲು ನನಗೆ ಹೇಳಬೇಕು, ನಾನು ತಿರುಗಿ ಒಪ್ಪಿಸಬೇಕು.

"ನಿನಗೆ ತಿಳಿದ್ರೆ ಎಲ್ಲರಿಗೂ ತಿಳಿಯತ್ತೆ," ಅಂದರು.

"ಹೊಗಳಿದ್ರೋ ಬೈದ್ರೋ?"

"ಕೆಲಸ ಕೊಟ್ಟೆ."

ಕೊಟ್ಟ ಕೆಲಸ ಚೆನ್ನಾಗಿ ಮಾಡಿದೆ. ಬೇಕಂತಲೇ ತಪ್ಪು ತಿಳಿದುಕೊಳ್ಳುತ್ತಿದ್ದೆ. ಊಟಕ್ಕೆ ಮುಂಚೆ ಅಂದರೆ, "ಬೆಳಗಿನ ತಿಂಡಿ ಆದ ತಕ್ಷಣ ನುಂಗಿದ್ರೂ ಮಧ್ಯಾಹ್ನದ ಊಟಕ್ಕೆ ಮುಂಚೆನೇ ಆಯ್ತಲ್ಲ" ಅನ್ನುತ್ತಿದ್ದೆ. ದಿನಕ್ಕೆ ಮೂರು ಅಂದರೆ, "ಮೂರೂ ಒಟ್ಟಿಗೆ ನುಂಗಿ ಕೈ ತೊಳ್ಕೋತೀನಿ" ಅನ್ನುತ್ತಿದ್ದೆ. ಕೆನ್ನೆಗೆ ಹಚ್ಚುವ ಮುಲಾಮು ಅಂದರೆ ಯಾವ ಕೆನ್ನೆ ಅಂತ ಕೇಳುತ್ತಿದ್ದೆ.

"ಇಷ್ಟು ವಕ್ರವಾಗಿ ಲೋಕದಲ್ಲಿ ಯಾರೂ ಯೋಚನೆ ಮಾಡಲ್ಲ," ಅಂತ ಎದ್ದು ಹೋಗುತ್ತಿದ್ದರು. ಎರಡು ದಿನ ಬಿಟ್ಟು ಸುಮ್ಮನೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು.

"ಏನು?"

"ಒಬ್ಬರು ಹಾಗೇ ಮಾಡಿದಾರೆ."

ಆಮೇಲೆ ಅವರು ಕಿಂಡಿಯ ಹಿಂದೆ ಕೂರಲಾರದಾದರು. ಪುಸ್ತಕ ತಂದರು. ತಲೆಯಲ್ಲಿ ಅರ್ಧ ಕೂದಲು ಹೋದ ಮೇಲೆ ಪರೀಕ್ಷೆಗೆ ಕೂತರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಒಂದು ವರ್ಷ ಟ್ರೈನಿಂಗ್ ಮಾಡಿ ಬಂದರು. ಬರುವಾಗ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿದ್ದರು.

"ಹಾಗಂದ್ರೇನೋ?" ಅಂತ ಅವರ ಅಕ್ಕ ಕೇಳಿದರು.

"ಡಾಕ್ಟರು ಏನು ಬರೆದಿದಾರೆ ನೋಡ್ತೀನಿ. ಇವರು ಮನೇಲಿ ನಿಜವಾಗಿ ಏನು ನುಂಗ್ತಾರೆ ನೋಡ್ತೀನಿ. ಎರಡೂ ಒಂದೇನಾ, ಒಂದಕ್ಕೊಂದು ಆಗಿ ಬರತ್ತಾ ನೋಡ್ತೀನಿ. ಆಗಿ ಬರಲಿಲ್ಲ ಅಂದ್ರೆ ಡಾಕ್ಟರಿಗೆ ಹೇಳ್ತೀನಿ."

"ಓ, ಚಾಡಿ ಹೇಳೋ ಕೆಲಸ," ಅಂದರು ಅಕ್ಕ.

ಆ ಕೆಲಸಕ್ಕೆ ಒಂದು ಕೋಣೆ ಬೇಕಿತ್ತು. ದಿನಾ ಬಂದು ತೋರಿಸಿಕೊಂಡು ಹೋಗುವವರ ವಿಭಾಗಕ್ಕೆ ಓಪಿಡಿ ಅನ್ನುತ್ತಾರೆ. ಉದ್ದ ಮೊಗಸಾಲೆ, ಅದರ ಎರಡೂ ಕಡೆ ಡಾಕ್ಟರುಗಳ ಬಾಗಿಲು. ಆರನೇ ಬಾಗಿಲಿಗೂ ಪಾಯಿಖಾನೆಗೂ ನಡುವೆ ಮುರಿದ ಗಾಲಿಕುರ್ಚಿ ತುಂಬಿದ್ದ ಒಂದು ಗೂಡು ಇತ್ತು. ಮೂರು ಕುರ್ಚಿ ಹಾಕಿದರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಕಿಟಕಿ ತೆಗೆದರೆ ಎದುರಿಗೆ ಗೋಡೆ. ಆಸ್ಪತ್ರೆ ನೋಡಿಕೊಳ್ಳುವ ಸೂಪರಿಂಟೆಂಡೆಂಟರನ್ನು ಎಲ್ಲರೂ ದೊಡ್ಡ ಡಾಕ್ಟರು ಅನ್ನುತ್ತಿದ್ದರು. ನಮ್ಮವರು ಎಂಟು ಅರ್ಜಿ ಕೊಟ್ಟ ಮೇಲೆ ಅವರು ಕರೆದು ಹೇಳಿದರಂತೆ: "ಮೂರು ತಿಂಗಳು. ಜನ ಬಂದ್ರೆ ಕೋಣೆ ನಿಮ್ಮದು. ಬರಲಿಲ್ಲ ಅಂದ್ರೆ ಹಳೇ ಫೈಲು ಹಾಕ್ತೀನಿ, ನೀವು ಕೌಂಟರಿಗೆ ಹೋಗಿ."

ಜನ ಬರಲಿಲ್ಲ. ಮೊದಲ ತಿಂಗಳು ಹನ್ನೊಂದು ಜನ ಬಂದರು. ಅದರಲ್ಲಿ ಏಳು ಜನ ಪಾಯಿಖಾನೆ ಎಲ್ಲಿ ಅಂತ ಕೇಳಲು ಬಂದವರು.

ನಮ್ಮವರು ಬೋರ್ಡು ಬರೆಸಿ ಹಾಕಿದ್ದರು. 'ನೀವು ಸೇವಿಸುವ ಎಲ್ಲ ಔಷಧಿಗಳನ್ನು ಚೀಲದಲ್ಲಿ ತನ್ನಿ.' ಜನ ಅದನ್ನು ಓದಿ, ಇದ್ದ ಔಷಧಿಯನ್ನೂ ವಾಪಸ್ ಇಸಿದುಕೊಳ್ಳುತ್ತಾರೆ ಅಂದುಕೊಂಡು ಚೀಲವನ್ನು ಕಂಕುಳಲ್ಲಿ ಬಿಗಿಯಾಗಿ ಹಿಡಿದು ದಾಟಿ ಹೋಗುತ್ತಿದ್ದರು.

ಅವರು ಮನೆಗೆ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದರು. ಬೈದರೂ ಮಾತಾಡುತ್ತಿರಲಿಲ್ಲ. ಆ ಮನುಷ್ಯ ಮತ್ತೆ ಕಿಂಡಿಯ ಹಿಂದೆ ಹೋದರೆ ಒಣಗಿ ಹೋಗುತ್ತಾರೆ ಅಂತ ನನಗೆ ಗೊತ್ತಾಯಿತು. ನನಗೆ ಆಸ್ಪತ್ರೆ ಬೇಕಿರಲಿಲ್ಲ, ಜನಸೇವೆ ಬೇಕಿರಲಿಲ್ಲ. ಆ ಗೂಡು ಬೇಕಿತ್ತು.

"ನಾಳೆ ನಾನು ಬರ್ತೀನಿ," ಅಂದೆ.

"ಯಾಕೆ? ನಿನಗೇನಾಗಿದೆ?"

"ಅದು ಕಂಡುಹಿಡಿಯೋದು ನಿಮ್ಮ ಕೆಲಸ."

ಮಾರನೇ ದಿನ ಅವರ ಬಾಗಿಲ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತೆ. ದೊಡ್ಡ ಚೀಲ. ಅದರ ತುಂಬ ಖಾಲಿ ಮಾತ್ರೆ ಡಬ್ಬಿ, ಅಲ್ಲಾಡಿಸಿದರೆ ಸದ್ದು ಬರಲಿ ಅಂತ ಒಳಗೆ ಕಾಳು. ಸಾಲಿನಲ್ಲಿ ಕೂತಿರುವವರ ಮುಖ ಹೇಗಿರಬೇಕೋ ಹಾಗೆ ಮುಖ ಮಾಡಿಕೊಂಡು ಕೂತೆ. ಆಸ್ಪತ್ರೆಯಲ್ಲಿ ಒಬ್ಬರು ಎಲ್ಲಾದರೂ ಕೂತರೆ ಅವರ ಹಿಂದೆ ಇನ್ನೊಬ್ಬರು ಕೂರುತ್ತಾರೆ. ಯಾಕೆ ಅಂತ ಕೂತ ಮೇಲೆ ಕೇಳುತ್ತಾರೆ.

ಹತ್ತು ನಿಮಿಷಕ್ಕೆ ಒಬ್ಬರು ದಪ್ಪನೆಯ ಹೆಂಗಸು ಬಂದು ಕೂತರು. "ಇಲ್ಲಿ ಏನು ಕೊಡ್ತಾರೆ?"

"ಕೊಡಲ್ಲ. ತೆಗೀತಾರೆ."

"ಏನು ತೆಗೀತಾರೆ?"

"ಮಾತ್ರೆ. ಎಂಟಿದ್ರೆ ಐದು ಮಾಡ್ತಾರೆ."

ಆ ಹೆಂಗಸು ಎದ್ದು ಹೋಗಿ ತಮ್ಮ ನಾದಿನಿಯನ್ನೂ ನಾದಿನಿಯ ಗಂಡನನ್ನೂ ಕರೆದುಕೊಂಡು ಬಂದರು. ಹನ್ನೊಂದು ಗಂಟೆಗೆ ಬೆಂಚು ತುಂಬಿತು.

ನನ್ನ ಸರದಿ ಬಂತು, ಒಳಗೆ ಹೋದೆ. ಬಾಗಿಲು ತೆರೆದೇ ಇತ್ತು, ಹೊರಗಿನವರಿಗೆ ಕೇಳಿಸುತ್ತಿತ್ತು. ಅವರು ನನ್ನನ್ನು ನುಂಗುವ ಹಾಗೆ ನೋಡಿದರು. ಆದರೂ ಪೆನ್ನು ತೆಗೆದರು.

"ವಯಸ್ಸು?"

"ಮೂವತ್ತೈದು."

"ಸರಿಯಾಗಿ ಹೇಳಿ."

"ಗೊತ್ತಿದ್ದ ಮೇಲೆ ಯಾಕೆ ಕೇಳ್ತೀರಿ?"

"ಏನು ತೊಂದರೆ?"

"ಮನೆಯವರು ಸಂಜೆ ಬಂದು ಗೋಡೆ ನೋಡ್ತಾರೆ. ನನ್ನ ಜೊತೆ ಮಾತಾಡಲ್ಲ."

"ಅದಕ್ಕೆ ಔಷಧಿ ಇಲ್ಲಮ್ಮ."

"ಪಕ್ಕದ ಡಾಕ್ಟರಿಗೆ ಫೋನ್ ಮಾಡಿ ಕೇಳಿ ನೋಡಿ."

ಸಂಜೆ ಮನೆಯಲ್ಲಿ ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿ ಬೈದರು. "ನಾನು ಯಾವಾಗ ಮಾತ್ರೆ ಕಡಿಮೆ ಮಾಡ್ತೀನಿ ಅಂದೆ? ಕಡಿಮೆ ಮಾಡೋದು ಡಾಕ್ಟರು. ಆ ನಾದಿನಿ ಗಂಡನಿಗೆ ಇವತ್ತು ಒಂದು ಜಾಸ್ತಿ ಆಯ್ತು."

"ಎಷ್ಟು ಜನ ಬಂದ್ರು?"

"ಹದಿನಾಲ್ಕು," ಅಂದರು. ಹೇಳುವಾಗ ಮೀಸೆ ಅಲುಗಿತು.

ಅಲ್ಲಿಂದ ವಾರಕ್ಕೆ ಮೂರು ದಿನ ಬೆಂಚಿಗೆ ಹೋದೆ. ಚೀಲಗಳು ಬಂದವು. ಅವರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಚೀಲ ಸುರಿಯುತ್ತಿದ್ದರು. ಒಬ್ಬರ ಚೀಲದಲ್ಲಿ ಸತ್ತುಹೋದ ಅಣ್ಣನ ಮಾತ್ರೆ. ಯಾಕೆ ನುಂಗ್ತೀರಿ ಅಂದರೆ, ದಂಡ ಆಗಬಾರದು ಅಂತ. ಒಬ್ಬರು ಎಲ್ಲ ಮಾತ್ರೆ ಬಿಡಿಸಿ ಒಂದೇ ಡಬ್ಬಿಗೆ ಹಾಕಿ ದಿನಾ ಕಣ್ಣು ಮುಚ್ಚಿ ಐದು ತೆಗೆಯುತ್ತಿದ್ದರು. ಹೊಟ್ಟೆಯಲ್ಲಿ ಹೇಗೂ ಬೆರೆಯುತ್ತದಲ್ಲ. ಒಂದು ಮನೆಯ ಗಂಡ ಹೆಂಡತಿ ಇಬ್ಬರಿಗೂ ಬಿಪಿ, ಇಬ್ಬರ ಮಾತ್ರೆಯನ್ನೂ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅಷ್ಟು ಹೊಂದಿಕೆಯ ದಂಪತಿಯನ್ನು ನಾನು ಬೇರೆ ನೋಡಿಲ್ಲ.

ನಮ್ಮವರು ಯಾರನ್ನೂ ಬೈಯುತ್ತಿರಲಿಲ್ಲ. ಪಟ್ಟಿ ಬರೆಯುವರು. ಡಾಕ್ಟರಿಗೆ ಚೀಟಿ ಕಳಿಸುವರು. ಚೀಟಿಯಲ್ಲಿ ತಪ್ಪು ಅನ್ನುವ ಮಾತು ಎಲ್ಲೂ ಬರುತ್ತಿರಲಿಲ್ಲ, ಬರೀ ಪ್ರಶ್ನೆ. 'ಇದನ್ನು ಮುಂದುವರಿಸಬಹುದೇ? ದಯವಿಟ್ಟು ತಿಳಿಸಿ.' ಡಾಕ್ಟರು ತಿದ್ದಿ ಕಳಿಸಿದ ಮೇಲೆ ರೋಗಿಯ ಹತ್ತಿರ ಒಪ್ಪಿಸಿಕೊಂಡು, ಸರಿಯಾಗಿ ಹೇಳುವ ತನಕ ಬಿಡುತ್ತಿರಲಿಲ್ಲ.

ಮೂರನೇ ತಿಂಗಳು ಮುಗಿಯಲು ಐದು ದಿನ ಇತ್ತು. ಅವತ್ತು ನಾನು ಕೆಟ್ಟ ಕೆಲಸ ಮಾಡಿದೆ.

ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಅಜ್ಜಿ ಬಂದು ಕೂತರು. ತೆಳ್ಳಗೆ, ಬೆಳ್ಳಗೆ, ಕಾಲಿಗೆ ಒಳ್ಳೆಯ ಚಪ್ಪಲಿ. ಕೂರುವ ಮೊದಲು ಓಲಾಡಿ ನನ್ನ ತೋಳು ಹಿಡಿದುಕೊಂಡರು.

"ಎದ್ದ ತಕ್ಷಣ ಕಣ್ಣು ಕತ್ತಲೆ ಬರತ್ತೆ ಕಣಮ್ಮ. ಮೊನ್ನೆ ಬಚ್ಚಲಲ್ಲಿ ಬಿದ್ದೆ."

"ಮನೇಲಿ ಹೇಳಿದ್ರಾ ಅಜ್ಜಿ?"

"ಮಗ ಡಾಕ್ಟರು. ಅವನಿಗೆ ಹೇಳಿದ್ರೆ ಇನ್ನೊಂದು ಮಾತ್ರೆ ಬರೀತಾನೆ."

ಅಜ್ಜಿ ಬಿಸ್ಕತ್ತಿನ ತಗಡಿನ ಡಬ್ಬಿ ತೆರೆದರು. ಒಳಗೆ ಮಾತ್ರೆಯ ಹಾಳೆಗಳು, ಒಂದು ಕೆಂಪು, ಒಂದು ಬೆಳ್ಳಿ ಬಣ್ಣ, ಇನ್ನೂ ಏನೇನೋ. ನಮ್ಮವರು ನನಗೆ ಒಂದು ಹೇಳಿಕೊಟ್ಟಿದ್ದರು. ದಪ್ಪಕ್ಷರ ಕಂಪನಿಯವರು ಇಟ್ಟ ಹೆಸರು, ಅದರ ಕೆಳಗಿನ ಸಣ್ಣಕ್ಷರ ಔಷಧಿಯ ಹೆಸರು, ಯಾವಾಗಲೂ ಸಣ್ಣದನ್ನು ನೋಡಬೇಕು. ನನಗೆ ಇಂಗ್ಲಿಷ್ ಬರುವುದಿಲ್ಲ. ಚಿತ್ರ ನೋಡುವ ಹಾಗೆ ನೋಡುತ್ತೇನೆ. ಕೆಂಪು ಹಾಳೆಯ ಸಣ್ಣಕ್ಷರ, ಬೆಳ್ಳಿ ಹಾಳೆಯ ಸಣ್ಣಕ್ಷರ ಒಂದೇ ಚಿತ್ರ. ಉದ್ದನೆಯ ಗೆರೆಯಲ್ಲಿ ಶುರು, ಕೊನೆಗೆ ಡೊಂಕು.

ಸುಮ್ಮನಿರಬೇಕಿತ್ತು. ಎರಡು ತಿಂಗಳಿಂದ ಅಲ್ಲಿ ಕೂತು ಕೂತು ತಲೆ ತಿರುಗಿತ್ತು ನನಗೆ.

"ಅಜ್ಜಿ, ಇವೆರಡೂ ಬೇರೆ ಬೇರೆ ಅಲ್ಲ. ಒಬ್ಬಳೇ, ಬಟ್ಟೆ ಬದಲಾಯಿಸಿಕೊಂಡು ಬಂದಿದಾಳೆ. ಒಂದು ಸಾಕು."

ಅಜ್ಜಿಗೆ ಖುಷಿಯಾಯಿತು. ಡಬ್ಬಿ ಮುಚ್ಚಿದರು. "ಒಳಗೆ ಹೋಗಿ ಬನ್ನಿ ಅಜ್ಜಿ" ಅಂದೆ. "ಇನ್ಯಾಕೆ? ಆಯ್ತಲ್ಲ" ಅಂತ ಎದ್ದು, ಗೋಡೆ ಹಿಡಿದುಕೊಂಡು ಹೊರಟೇಹೋದರು. ನನ್ನ ಸರದಿ ಬಂದಿತ್ತು, ಅವರ ಹಿಂದೆ ಹೋಗಲಿಲ್ಲ.

ಮಾರನೇ ದಿನ ಬೆಂಚಿನ ಮುಂದೆ ದೊಡ್ಡ ಡಾಕ್ಟರು ಬಂದು ನಿಂತರು. ಅವರ ಹಿಂದೆ ಅಜ್ಜಿ, ಕೈಯಲ್ಲಿ ತಗಡಿನ ಡಬ್ಬಿ.

"ಇವರೇನಾ?" ಅಂದರು ದೊಡ್ಡ ಡಾಕ್ಟರು.

"ಹ್ಞೂಂ, ಇವಳೇ. ತುಂಬ ಒಳ್ಳೆಯವಳು," ಅಂದರು ಅಜ್ಜಿ.

ಬೆಂಚಿನಲ್ಲಿದ್ದವರೆಲ್ಲ ನನ್ನಿಂದ ಒಂದು ಗೇಣು ದೂರ ಸರಿದರು.

"ನೀವು ಯಾರು?"

ನಾನು ಬಾಯಿ ಬಿಡುವ ಮೊದಲು ಒಳಗಿಂದ ನಮ್ಮವರು ಬಂದರು. "ನನ್ನ ಹೆಂಡತಿ ಸಾರ್," ಅಂದರು. ಮುಖ ಸುಣ್ಣ ಆಗಿತ್ತು, ಆದರೂ ಸುಳ್ಳು ಹೇಳಲಿಲ್ಲ.

"ಯಾವ ಕಾಯಿಲೆಗೆ ಬಂದು ಕೂತಿದಾರೆ?"

"ಕಾಯಿಲೆ ಇಲ್ಲ ಸಾರ್. ಜನ ಬರಲಿ ಅಂತ ಕೂತಿದಾಳೆ."

"ಅಂದ್ರೆ ಇಷ್ಟು ದಿನದ ಸಾಲು..."

"ಮೊದಲಿನವಳು ಮಾತ್ರ ಸುಳ್ಳು ಸಾರ್. ಹಿಂದಿನೋರೆಲ್ಲ ನಿಜ."

ದೊಡ್ಡ ಡಾಕ್ಟರು ಕೋಣೆಯೊಳಗೆ ನುಗ್ಗಿದರು. ಅಜ್ಜಿ ಹೋದರು, ನಾನೂ ಹೋದೆ. ನಾಲ್ಕು ಜನ ಆ ಗೂಡಿನಲ್ಲಿ. ನಾನು ಬಾಗಿಲಿಗೆ ಅಂಟಿಕೊಂಡೆ.

"ಅಕ್ಷರ ಬರದ ಹೆಂಗಸು ನನ್ನ ತಾಯಿಯ ಮಾತ್ರೆ ನಿಲ್ಲಿಸ್ತಾರೆ. ಇದೇನು ಆಸ್ಪತ್ರೇನಾ, ಸಂತೇನಾ? ಇವತ್ತು ಬೀಗ ಹಾಕ್ತೀನಿ. ನೀವು ಕೌಂಟರಿಗೆ ನಡೀರಿ."

ನಮ್ಮವರು "ಸರಿ ಸಾರ್" ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಬಿಳಿ ಬಟ್ಟೆಯ ಸುಕ್ಕು ಸವರಿ ಕೇಳಿದರು: "ಬೀಗ ಹಾಕೋಕೆ ಮುಂಚೆ ಅಮ್ಮನ ಡಬ್ಬಿ ಒಂದು ಸಲ ಸುರೀಲಾ?"

ಅಜ್ಜಿ ಮಗನನ್ನು ಕೇಳಲೇ ಇಲ್ಲ. ತಾವೇ ಸುರಿದರು.

ನಮ್ಮವರು ಹಾಳೆಗಳನ್ನು ಸಾಲಾಗಿ ಇಟ್ಟರು. ಕೆಂಪನ್ನೂ ಬೆಳ್ಳಿಯನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಎಷ್ಟು ಸಾಲು ನೋಡಿದೆ?"

"ಒಂದು."

"ಈ ಬೆಳ್ಳಿದರಲ್ಲಿ ಕೆಳಗೆ ಇನ್ನೊಂದು ಸಾಲಿದೆ."

ಇತ್ತು. ಇನ್ನೂ ಸಣ್ಣಕ್ಷರದಲ್ಲಿ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವರು ದೊಡ್ಡ ಡಾಕ್ಟರಿಗೆ ಹೇಳಿದರು: "ಇವಳು ಹೇಳಿದ್ದು ಅರ್ಧ ಸರಿ ಸಾರ್. ಎರಡರಲ್ಲೂ ಒಂದೇ ಬಿಪಿ ಔಷಧಿ ಇದೆ. ಅಮ್ಮ ಅದನ್ನ ದಿನಾ ಎರಡರಷ್ಟು ನುಂಗ್ತಿದಾರೆ, ಅದಕ್ಕೇ ಎದ್ದಾಗ ಬೀಳ್ತಾರೆ. ಆದ್ರೆ ಬೆಳ್ಳಿದರಲ್ಲಿ ಮೈಯ ನೀರು ಇಳಿಸೋದೂ ಸೇರಿದೆ. ಅದನ್ನ ಬಿಟ್ಟರೆ ಕಾಲು ಬಾತುಕೊಳ್ಳಬಹುದು. ಅಮ್ಮ, ನಿನ್ನೆಯಿಂದ ಯಾವುದು ಬಿಟ್ಟಿದೀರಿ?"

"ಬೆಳ್ಳೀದು."

"ಅದನ್ನೇ ಯಾಕೆ?"

"ಅದು ನನ್ನ ಮಗ ಬರೆದಿದ್ದು. ಕೆಂಪು ಹಾರ್ಟ್ ಡಾಕ್ಟರದು. ಬೇರೆಯವರದು ಬಿಟ್ಟರೆ ಬೇಜಾರು ಮಾಡ್ಕೋತಾರೆ. ಮಗ ಬೈದ್ರೂ ಮನೇಲೇ ಬೈತಾನೆ."

ದೊಡ್ಡ ಡಾಕ್ಟರು ಎರಡೂ ಹಾಳೆ ಎತ್ತಿ ಬೆಳಕಿಗೆ ಹಿಡಿದರು. ಆ ಕಿಟಕಿಯಲ್ಲಿ ಬೆಳಕು ಎಲ್ಲಿ ಬರಬೇಕು? ಬಾಗಿಲ ಕಡೆ ತಿರುಗಿ ಓದಿದರು. ಕಿವಿ ಕೆಂಪಗಾಯಿತು.

"ಅಮ್ಮ, ಅವರು ಇದನ್ನ ಕೊಟ್ಟಿದ್ದು ನನಗ್ಯಾಕೆ ಹೇಳಲಿಲ್ಲ? ನಾನು ಕೊಟ್ಟಿದ್ದು ಅವರಿಗ್ಯಾಕೆ ತೋರಿಸಲಿಲ್ಲ?"

"ನೀವಿಬ್ಬರೂ ಕೇಳಲಿಲ್ಲವಲ್ಲೋ," ಅಂದರು ಅಜ್ಜಿ. "ಇವರು ಕೇಳಿದ್ರು, ಹೇಳಿದೆ."

ಪಕ್ಕದಲ್ಲಿ ಪಾಯಿಖಾನೆಯ ನೀರು ಬಿಟ್ಟ ಸದ್ದು ಕೇಳಿತು.

ನಮ್ಮವರೇ ಮತ್ತೆ ಶುರು ಮಾಡಿದರು. "ಪೂರ್ತಿ ತಪ್ಪಾಗಿದ್ರೆ ಯಾರಾದ್ರೂ ಹಿಡೀತಾರೆ ಸಾರ್. ಅರ್ಧ ಸರಿ ಇದ್ರೆ ಎಲ್ಲರೂ ನಂಬ್ತಾರೆ. ಬೆಂಚಿನ ಮೇಲೆ ದಿನಾ ಇಂಥ ಅರ್ಧ ಮಾತು ಓಡಾಡತ್ತೆ. ಇವಳು ಬರದೇ ಇದ್ರೂ ಓಡಾಡತ್ತೆ. ಉಳಿದರ್ಧ ನೋಡೋಕೆ ಒಬ್ಬರು ಬೇಕು. ಆ ಒಬ್ಬ ನಾನೇ ಆಗಬೇಕಂತಿಲ್ಲ. ಕೋಣೆ ಇರಲಿ."

ನನ್ನನ್ನು ಹೀಗೆ ಅಡ್ಡ ಇಟ್ಟು ತಮ್ಮ ಕೋಣೆ ಉಳಿಸಿಕೊಂಡ ಗಂಡ. ಆಗ ನನಗೆ ಬಹಳ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ, ಅವರು ಹೇಳಿದ್ದು ನಿಜ. ನಿಜ ಅನ್ನುವುದಕ್ಕೆ ಇನ್ನೂ ಸಿಟ್ಟು ಬಂತು.

ದೊಡ್ಡ ಡಾಕ್ಟರು ಅಲ್ಲೇ ನಿಂತು ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿದರು. ಕೆಂಪು ಹೋಯಿತು, ಬೆಳ್ಳಿ ಉಳಿಯಿತು. ನಮ್ಮವರು ಅಜ್ಜಿಯ ಹತ್ತಿರ ಮೂರು ಸಲ ಒಪ್ಪಿಸಿಕೊಂಡರು. ಮೂರನೇ ಸಲ ದೊಡ್ಡ ಡಾಕ್ಟರೂ ತುಟಿ ಅಲ್ಲಾಡಿಸುತ್ತಿದ್ದರು. ಹೊರಡುವಾಗ ಬಾಗಿಲಲ್ಲಿ ನನ್ನ ಮುಂದೆ ನಿಂತು, "ಕೋಣೆ ಇರತ್ತೆ. ನೀವು ಇನ್ನು ಈ ಬೆಂಚಿನ ಹತ್ತಿರ ಕಾಣಿಸಬಾರದು" ಅಂದರು.

"ಕಾಯಿಲೆ ಬಂದ್ರೆ?"

"ಬೇರೆ ಆಸ್ಪತ್ರೆಗೆ ಹೋಗಿ."

ಒಂಬತ್ತು ವರ್ಷ ಆ ಕೋಣೆ ನಡೆಯಿತು. ಕೊನೆಕೊನೆಗೆ ಡಾಕ್ಟರುಗಳೇ ಚೀಟಿ ಬರೆದು ಕಳಿಸುತ್ತಿದ್ದರು: ಮೊದಲು ಚೀಲ ಸುರಿಸಿಕೊಂಡು ಬನ್ನಿ. ನಾನು ಮನೆಯಲ್ಲೇ ಕೂತು ತಪ್ಪು ತಿಳಿದುಕೊಳ್ಳುವ ಕೆಲಸ ಮುಂದುವರಿಸಿದೆ.

ಅವರು ಹೋದ ಮೇಲೆ ಕೋಣೆಗೆ ಬೀಗ ಬಿತ್ತು. ದೊಡ್ಡ ಡಾಕ್ಟರು ಮನೆಗೆ ಬಂದು ಕೂತು, "ಯಾರನ್ನಾದರೂ ಹಾಕ್ತೀನಮ್ಮ" ಅಂದರು. ಹಾಕಲಿಲ್ಲ. ಎರಡನೇ ವಾರ ಆಫೀಸಿನ ಗುಮಾಸ್ತರು ಹಳೇ ಫೈಲಿನ ಕಟ್ಟುಗಳನ್ನು ಅಲ್ಲಿಗೆ ಸಾಗಿಸಲು ಶುರು ಮಾಡಿದರು ಅಂತ ನರ್ಸೊಬ್ಬರು ಬಂದು ಹೇಳಿದರು. ನಾನು ಅಳಲಿಲ್ಲ. ಗಂಡ ಸತ್ತಾಗ ಅತ್ತಾಗಿತ್ತು.

ಕೋಣೆ ಉಳಿಸಿದ್ದು ನಾನಲ್ಲ, ಚೀಲಗಳು. ಜನ ಚೀಲ ಹಿಡಿದುಕೊಂಡು ಬಂದರು. ಬೀಗ ನೋಡಿದರು. ಒಂಬತ್ತು ವರ್ಷದ ಅಭ್ಯಾಸ, ಎಲ್ಲಾದರೂ ಸುರಿಯಲೇಬೇಕು. ಪಕ್ಕದ ಬಾಗಿಲಿಗೆ ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿದರು. 'ಒಪ್ಪಿಸ್ತೀನಿ, ಕೇಳಿ ಸಾರ್' ಅಂತ ಕೂತರು. ಚರ್ಮದ ಡಾಕ್ಟರ ಮೇಜಿನ ಮೇಲೆ ಮಾತ್ರೆಯ ಜೊತೆ ಯಾರದೋ ಹಲ್ಲಿನ ಸೆಟ್ಟು ಬಿತ್ತಂತೆ. ಮಧ್ಯಾಹ್ನ ಮೂರಾದರೂ ಯಾರಿಗೂ ಊಟಕ್ಕೆ ಏಳಲು ಆಗಲಿಲ್ಲ. ಒಂದೇ ವಾರ. ಎಂಟು ಜನ ಡಾಕ್ಟರು ಒಟ್ಟಿಗೆ ದೊಡ್ಡ ಡಾಕ್ಟರ ಕೋಣೆಗೆ ಹೋದರು. ಫೈಲು ಹೊರಗೆ ಬಂತು.

ಹೊಸದಾಗಿ ಬಂದವಳು ಒಬ್ಬ ಹುಡುಗಿ. ಅದೇ ಓದು ಓದಿದವಳು. ಕಡ್ಡಿ ಹಾಗಿದ್ದಾಳೆ, ಮಾತು ಮಾತ್ರ ಗಟ್ಟಿ. ಸೇರಿದ ನಾಲ್ಕನೇ ದಿನ ನಮ್ಮ ಮನೆ ಹುಡುಕಿಕೊಂಡು ಬಂದಳು.

"ಅಮ್ಮ, ಒಂದು ಕೇಳಬೇಕಿತ್ತು. ಮೊದಲ ಮಾತ್ರೆ ನನ್ನ ಮುಂದೇನೇ ನುಂಗಿ ಅಂತೀನಿ. ಪಂಪು ಹೊಡ್ಕೊಂಡೋರು ಬಾಯಿ ಮುಕ್ಕಳಿಸಬೇಕು. ಅಲ್ಲಿರೋದು ಪಾಯಿಖಾನೆ ನಲ್ಲಿ. ಯಾರೂ ಬಾಯಿಗೆ ಹಾಕಲ್ಲ. ಸಾರ್ ನೀರು ಎಲ್ಲಿಂದ ತರ್ತಿದ್ರು?"

"ಇಲ್ಲಿಂದ," ಅಂದೆ.

ಅವರು ದಿನಾ ಎರಡು ಕ್ಯಾನು ನೀರು ಒಯ್ಯುತ್ತಿದ್ದರು. ತುಂಬಿಸುವುದು ನನ್ನ ಕೆಲಸ, ಹೊರುವುದು ಅವರದು. ಆ ಮಂಗಳವಾರ ಚಪ್ಪಲಿ ಹೊಲಿಯುವವರು ಎರಡೂ ಕ್ಯಾನು ತಂದು ಬಾಗಿಲಲ್ಲಿಟ್ಟು ಹೋಗಿದ್ದರು. ನಾನು ನೀರು ಚೆಲ್ಲಿ ಮೂಲೆಯಲ್ಲಿ ಬೋರಲು ಹಾಕಿದ್ದೆ.

"ನಾನು ಬಂದು ತಗೊಂಡು ಹೋಗ್ಲಾ ಅಮ್ಮ?" ಅಂದಳು ಹುಡುಗಿ.

"ನಿನ್ನ ಕೈಲಿ ಆಗಲ್ಲ. ನಿನಗಿಂತ ಕ್ಯಾನೇ ದಪ್ಪ ಇದೆ."

ಈಗ ಬೆಳಗ್ಗೆ ಐದಕ್ಕೆ ಏಳುತ್ತೇನೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸುತ್ತೇನೆ. ಕುದಿ ಬಂದ ಮೇಲೆ ಇಳಿಸಿ ಮುಚ್ಚಿಡುತ್ತೇನೆ. ಆರುವಷ್ಟರಲ್ಲಿ ಮನೆ ಗುಡಿಸುತ್ತೇನೆ. ಬಟ್ಟೆ ಕಟ್ಟಿ ಸೋಸಿ ಎರಡೂ ಕ್ಯಾನಿಗೆ ಹಾಕುತ್ತೇನೆ. ಮುಚ್ಚಳ ಬಿಗಿ ಮಾಡಿ, ಬೋರಲು ಹಿಡಿದು ಸೋರುತ್ತದಾ ನೋಡುತ್ತೇನೆ. ಬಸ್ ನಿಲ್ದಾಣದವರೆಗೆ ಹೋಗುವಷ್ಟರಲ್ಲಿ ಎರಡು ಸಲ ಕೆಳಗಿಡಬೇಕು. ಇಷ್ಟು ಭಾರ ಇದೆ ಅಂತ ಅವರು ಒಂದು ದಿನವೂ ಹೇಳಿರಲಿಲ್ಲ.